ಅರವತ್ತನಾಲ್ಕು ಕೆಂಪು ಸಾಲುಗಳು

ಕಂಪ್ಯೂಟರು ಬೇಡವೆಂದು ಉಗುಳಿದ್ದನ್ನು ಅದಕ್ಕೆ ಮತ್ತೆ ತಿನ್ನಿಸುವುದು ನನ್ನ ಕೆಲಸ. ಬಿ.ಸಿ.ರೋಡಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ದೊಡ್ಡ ಕಂಪನಿಗಳು ದೊಡ್ಡ ಸಾಫ್ಟ್‌ವೇರು ಕೊಂಡುಕೊಳ್ಳುತ್ತವೆ. ಅವರ ಹಳೆಯ ಪುಸ್ತಕಗಳಲ್ಲಿ ಇದ್ದದ್ದನ್ನೆಲ್ಲ ಯಾರೋ ಹಾಳೆಗೆ ಟೈಪ್ ಮಾಡಿ ನಮಗೆ ಕಳಿಸುತ್ತಾರೆ, ನಾವು ಅದನ್ನು ಸಾಫ್ಟ್‌ವೇರಿಗೆ ತುಂಬಿಸಿಕೊಡುತ್ತೇವೆ. ಇದಕ್ಕೆ ಇಂಪೋರ್ಟ್ ಎಂದು ಹೆಸರು. ಸರಿಯಿದ್ದ ಸಾಲು ಹಸಿರಾಗಿ ಒಳಗೆ ಹೋಗುತ್ತದೆ, ಸರಿಯಿಲ್ಲದ್ದು ಕೆಂಪಾಗಿ ಹೊರಗೆ ಉಳಿಯುತ್ತದೆ. ಹದಿನೆಂಟು ವರ್ಷಗಳಿಂದ ನಾನು ಆ ಕೆಂಪಿನ ಮುಂದೆ ಕುಳಿತಿದ್ದೇನೆ. ಕುತ್ತಿಗೆ ನೋವು ಬಂದಿದೆ, ಕನ್ನಡಕದ ನಂಬರು ಏರಿದೆ, ಸಿಟ್ಟು ಮಾತ್ರ ಕಡಿಮೆಯಾಗಿಲ್ಲ.

ಸಿಟ್ಟು ಬರದೆ ಇರುತ್ತದೆಯೇ? ಏಪ್ರಿಲ್ ಮೂವತ್ತೊಂದನೇ ತಾರೀಕು ಹುಟ್ಟಿದವರಿದ್ದಾರೆ. ಊರಿಗೆ ಊರೇ ಜೂನ್ ಒಂದರಂದು ಹುಟ್ಟಿದ ಹಾಳೆಗಳಿವೆ; ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಅದು, ಅದನ್ನು ಪ್ರಶ್ನಿಸಿದವರಿಲ್ಲ. ಒಂದೇ ಮೊಬೈಲ್ ನಂಬರು ನಲವತ್ತು ಜನರ ಮುಂದೆ ಇರುತ್ತದೆ, ವಿಚಾರಿಸಿದರೆ ಅದು ಅಂಗಡಿಯವರದ್ದು. ಹೆಸರಿನ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ, ಅದನ್ನು ಹುಡುಕುವಷ್ಟರಲ್ಲಿ ನನ್ನ ಅರ್ಧ ದಿನ ಹೋಗಿರುತ್ತದೆ. ಮನೆಯಲ್ಲಿ ಉಮ್ಮ ಕೇಳುತ್ತಾರೆ, ಇಡೀ ದಿನ ಕುರ್ಚಿಯಲ್ಲಿ ಕುಳಿತವಳಿಗೆ ಇಷ್ಟು ಸುಸ್ತು ಹೇಗೆ ಎಂದು. ಉತ್ತರ ಕೊಟ್ಟರೆ ಅದಕ್ಕೂ ಸುಸ್ತಾಗುತ್ತದೆ.

ಎರಡು ವರ್ಷಗಳ ಹಿಂದೆ ಒಂದು ಬೀಡಿ ಕಂಪನಿಯ ಕೆಲಸ ನಮಗೆ ಸಿಕ್ಕಿತು. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿ ಆಗಬೇಕಾದ್ದೂ ಇಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆ ಅವರ ಬ್ರಾಂಚುಗಳಿದ್ದವು. ನಮ್ಮ ಕಡೆ ಬೀಡಿ ಕಟ್ಟುವುದು ಮನೆಯೊಳಗೆ, ಹೆಂಗಸರು. ಬ್ರಾಂಚಿನಿಂದ ಎಲೆಯನ್ನೂ ಹೊಗೆಸೊಪ್ಪಿನ ಪುಡಿಯನ್ನೂ ತೂಗಿಸಿಕೊಂಡು ಮನೆಗೆ ತರುತ್ತಾರೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಕಟ್ಟುತ್ತಾರೆ. ಕಟ್ಟಿದ್ದನ್ನು ಚೀಲದಲ್ಲಿ ಹಾಕಿ ಬ್ರಾಂಚಿಗೆ ಒಯ್ದು ಒಪ್ಪಿಸುತ್ತಾರೆ. ಒಬ್ಬೊಬ್ಬರಿಗೆ ಒಂದು ಕಾರ್ಡು, ಒಂದು ಪಾಸ್‌ಬುಕ್ಕು. ಆ ಕಾರ್ಡುಗಳ ವಿವರವನ್ನೆಲ್ಲ ಮಂಗಳೂರಿನ ಹೆಡ್ ಆಫೀಸಿನ ಹೊಸ ಸಾಫ್ಟ್‌ವೇರಿಗೆ ಸೇರಿಸಬೇಕಿತ್ತು. ಬ್ರಾಂಚಿನ ಗುಮಾಸ್ತರು ಟೈಪ್ ಮಾಡಿ ಕಳಿಸಿದ ಹಾಳೆಗಳು ನನ್ನ ಮೇಜಿಗೆ ಬಂದವು.

ಮೂರು ವಾರ ನಾನು ಅದರಲ್ಲಿ ಮುಳುಗಿದ್ದೆ. ಮಾಮೂಲಿ ತಪ್ಪುಗಳೆಲ್ಲ ಒಂದೊಂದಾಗಿ ತೀರಿದವು. ಕೊನೆಗೆ ಅರವತ್ತನಾಲ್ಕು ಸಾಲುಗಳು ಉಳಿದವು, ಏನು ಮಾಡಿದರೂ ಒಳಗೆ ಹೋಗಲಿಲ್ಲ. ಎಲ್ಲದಕ್ಕೂ ಸಾಫ್ಟ್‌ವೇರಿನದ್ದು ಒಂದೇ ದೂರು. ಕೆಲಸಕ್ಕೆ ಸೇರಿದ ದಿನ ಹುಟ್ಟಿದ ದಿನಕ್ಕಿಂತ ಹಿಂದೆ ಇದೆ. ಅಂದರೆ, ಈ ಅರವತ್ತನಾಲ್ಕು ಹೆಂಗಸರು ಹುಟ್ಟುವ ಮೊದಲೇ ಬೀಡಿ ಕಟ್ಟಲು ಶುರು ಮಾಡಿದ್ದರು.

ಆಫೀಸಿನಲ್ಲಿ ಎಲ್ಲರೂ ನಕ್ಕರು. ನನ್ನ ಪಕ್ಕದ ಮೇಜಿನವರು, ಗರ್ಭದಲ್ಲಿಯೇ ಮೊರ ಹಿಡಿದುಕೊಂಡು ಕೂತಿದ್ದರೇನೋ ಎಂದರು. ನಾನೂ ನಕ್ಕೆ. ಆಮೇಲೆ ಹೆಡ್ ಆಫೀಸಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ. ಮೇಡಂ ಎಂದೇ ಕರೆಯುತ್ತಾರೆ, ಎಂದೂ ದನಿ ಏರಿಸುವುದಿಲ್ಲ, ಆದರೆ ತಿಂಗಳು ಮುಗಿಯುವುದರೊಳಗೆ ಎಲ್ಲವೂ ಹಸಿರಾಗಬೇಕು ಎಂದು ಅವರ ಮೇಲಿನವರು ಅವರ ತಲೆಯ ಮೇಲೆ ಕುಳಿತಿದ್ದರು. ಬ್ರಾಂಚುಗಳಿಗೆ ಕೇಳಿ ಒಂದೊಂದನ್ನೂ ತಿದ್ದಲು ಸಮಯವಿಲ್ಲ, ಹುಟ್ಟಿದ ದಿನ ಆಧಾರ್ ಪ್ರಕಾರ ಇದೆ, ಅದನ್ನು ಮುಟ್ಟುವ ಹಾಗಿಲ್ಲ, ಸೇರಿದ ದಿನವನ್ನು ಹದಿನೆಂಟು ತುಂಬಿದ ದಿನಕ್ಕೆ ಹಾಕಿಬಿಡಿ ಎಂದರು.

ಹಾಕಿಬಿಟ್ಟೆ. ಒಂದು ಸೂತ್ರ ಬರೆದು ಮೌಸಿನಿಂದ ಕೆಳಗೆ ಎಳೆದೆ. ಅರವತ್ತನಾಲ್ಕು ತಾರೀಕುಗಳು ಒಂದೇ ಏಟಿಗೆ ಬದಲಾದವು. ಇಂಪೋರ್ಟ್ ಮತ್ತೆ ಓಡಿಸಿದೆ, ಎಲ್ಲ ಹಸಿರು. ಕೆಳಗೆ ಬೇಕರಿಗೆ ಹೋಗಿ ಒಂದು ಪಫ್ಸ್ ತಿಂದು, ಚಹಾ ಕುಡಿದು, ಬಸ್ಸು ಹಿಡಿದು ನರಿಕೊಂಬಿನ ಮನೆಗೆ ಹೋದೆ.

ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಂಗಳೂರಿನ ಯಾರಾದರೂ ಆ ಹಾಳೆ ನೋಡಿದ್ದರೆ ಟೈಪ್ ಮಾಡಿದವರ ತಪ್ಪು ಎಂದುಕೊಳ್ಳುತ್ತಿದ್ದರು. ನಾನು ಬೀಡಿಯ ಮನೆಯಲ್ಲಿ ಹುಟ್ಟಿದವಳು. ಉಮ್ಮ ನಾನು ಕಣ್ಣು ಬಿಟ್ಟಾಗಿನಿಂದ ಬೀಡಿ ಕಟ್ಟಿದವರು, ಅದೂ ತಮ್ಮ ನಾದಿನಿಯ ಕಾರ್ಡಿನಲ್ಲಿ. ನಮ್ಮ ಕಡೆ ಕಾರ್ಡು ಒಬ್ಬರದ್ದಲ್ಲ, ಮನೆಯದ್ದು. ಹೊಸ ಕಾರ್ಡು ಸುಲಭಕ್ಕೆ ಸಿಗುವುದಿಲ್ಲ, ಆದ್ದರಿಂದ ಇದ್ದದ್ದನ್ನು ಬಿಡುವುದಿಲ್ಲ. ಅಮ್ಮನ ಕಣ್ಣು ಮಂಜಾದರೆ ಮಗಳು ಅದೇ ಕಾರ್ಡಿನಲ್ಲಿ ಮುಂದುವರಿಯುತ್ತಾಳೆ. ಅತ್ತೆಯ ಕಾರ್ಡಿನಲ್ಲಿ ಸೊಸೆ ಕಟ್ಟುತ್ತಾಳೆ. ಯಾರು ಬಿಡುವಾಗಿದ್ದಾರೋ ಅವರು ಚೀಲ ಹಿಡಿದು ಬ್ರಾಂಚಿಗೆ ಹೋಗುತ್ತಾರೆ. ಬ್ರಾಂಚಿನವರಿಗೂ ಗೊತ್ತು, ಊರಿಗೂ ಗೊತ್ತು, ಯಾರೂ ಅದನ್ನು ಮೋಸ ಎಂದು ಎಣಿಸುವುದಿಲ್ಲ. ಆಧಾರ್ ಜೋಡಿಸಬೇಕೆಂಬ ಆದೇಶ ಬಂದಾಗ ಮನೆಯಲ್ಲಿ ಯಾರ ಆಧಾರ್ ಕೈಗೆ ಸಿಕ್ಕಿತೋ ಅದನ್ನು ಕೊಟ್ಟರು. ಹಾಗಾಗಿ ಸೇರಿದ ದಿನ ಹಿರಿಯಳದ್ದು, ಹುಟ್ಟಿದ ದಿನ ಕಿರಿಯಳದ್ದು. ಒಂದು ಸಾಲಿನಲ್ಲಿ ಇಬ್ಬರು ಹೆಂಗಸರಿದ್ದರು. ಇದು ಆ ದಿನವೇ ನನಗೆ ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕಿಟ್ಟು ಮೌಸ್ ಎಳೆದೆ, ಏಕೆಂದರೆ ನನಗೆ ಸಾಕಾಗಿತ್ತು.

ಒಂದು ಮಾತ್ರ ಮಾಡಿದ್ದೆ. ತಿರಸ್ಕೃತವಾದ ಹಾಳೆಗಳನ್ನು ನಾನು ಅಳಿಸುವುದಿಲ್ಲ. ಮುಂದೆ ಯಾರಾದರೂ ನನ್ನ ಮೇಲೆ ಎಗರಿದರೆ ಮುಖಕ್ಕೆ ಹಿಡಿಯಲು ಇರಲಿ ಎಂದು ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ. ಒಳ್ಳೆಯ ಬುದ್ಧಿಯಿಂದ ಇಟ್ಟದ್ದಲ್ಲ, ಹೆದರಿಕೆಯಿಂದ ಇಟ್ಟದ್ದು.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ನಮ್ಮ ಮೆಟ್ಟಿಲು ಹತ್ತಿ ಬಂದು, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಒಳಗೆ ಬರಬಹುದಾ ಎಂದು ಕೇಳಿದರು. ನಮ್ಮ ಆಫೀಸಿನಲ್ಲಿ ಚಪ್ಪಲಿ ಬಿಡುವವರಿಲ್ಲ. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಬೆಳುವಾಯಿಯಿಂದ ಬಂದದ್ದು, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ, ಸಿದ್ಧಕಟ್ಟೆಯ ದಾರಿಯಲ್ಲಿ ನಿಂತುಕೊಂಡೇ ಬಂದದ್ದು. ಬೆಳುವಾಯಿ ಬ್ರಾಂಚಿನ ಗುಮಾಸ್ತರು, ಇದು ಕಂಪ್ಯೂಟರಿನ ವಿಷಯ, ತುಂಬಿಸಿದವರು ಬಿ.ಸಿ.ರೋಡಿನಲ್ಲಿದ್ದಾರೆ, ಅವರನ್ನೇ ಕೇಳಿ ಎಂದು ಕಳಿಸಿದ್ದರು. ನನಗೆ ಮೈ ಉರಿಯಿತು. ಗುಮಾಸ್ತರು ಕೈ ತೊಳೆದುಕೊಂಡು ಐವತ್ತೇಳು ವರ್ಷದ ಹೆಂಗಸನ್ನು ಇಪ್ಪತ್ತೈದು ಮೈಲಿ ಓಡಿಸಿದ್ದಕ್ಕೆ ಒಂದಿಷ್ಟು, ಅವರು ನನ್ನ ಮೇಜಿನ ಮುಂದೆಯೇ ಬಂದು ನಿಂತದ್ದಕ್ಕೆ ಅದಕ್ಕಿಂತ ಹೆಚ್ಚು.

ಕುಳಿತುಕೊಳ್ಳಲು ಹೇಳಿದೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು ತುಳುವಿನಲ್ಲಿ ಹೇಳತೊಡಗಿದರು. ಮದುವೆಯಾಗಿಲ್ಲ. ಹದಿನೇಳರಲ್ಲಿ ಕಾರ್ಡು ಆಯಿತು, ಅಂದಿನಿಂದ ಬೀಡಿಯೇ. ತಂಗಿಯ ಮಗಳನ್ನು ಚಿಕ್ಕಂದಿನಿಂದ ಇವರೇ ಸಾಕಿದ್ದು. ಅವಳು ಮೂಡುಬಿದಿರೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಭಾನುವಾರ ಮಾತ್ರ ಜೊತೆಗೆ ಕುಳಿತು ಸ್ವಲ್ಪ ಕಟ್ಟುತ್ತಾಳೆ. ಆಧಾರ್ ಜೋಡಿಸುವ ದಿನ ಬ್ರಾಂಚಿನ ಯಂತ್ರ ಇವರ ಬೆರಳನ್ನು ತೆಗೆದುಕೊಳ್ಳಲಿಲ್ಲ. ಹತ್ತು ಬೆರಳನ್ನೂ ಒತ್ತಿದರು, ಒರೆಸಿ ಒತ್ತಿದರು, ಆಗಲಿಲ್ಲ. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಹಿಂದೆ ಸಾಲು ನಿಂತಿತ್ತು, ಮನೆಯಲ್ಲಿ ಬೇರೆ ಯಾರದ್ದಾದರೂ ತನ್ನಿ ಎಂದರು. ಇವರು ತಂಗಿಯ ಮಗಳದ್ದನ್ನು ಕೊಟ್ಟರು. ಅದರ ನಂತರದ ಪಾಸ್‌ಬುಕ್ಕಿನಲ್ಲಿ ಅವಳ ಹೆಸರು ಬಂತು. ಮನೆಯ ಕಾರ್ಡಲ್ಲವೇ, ಯಾರ ಹೆಸರಾದರೇನು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಮುಂದಿನ ವರ್ಷ ಅವರಿಗೆ ಪಿಂಚಣಿಯ ವಯಸ್ಸು. ಬ್ರಾಂಚಿನಲ್ಲಿ ಕೇಳಿದರೆ, ನಿಮ್ಮ ಹೆಸರಿನವರು ಈ ಕಂಪನಿಯಲ್ಲಿ ಬೀಡಿ ಕಟ್ಟಿಯೇ ಇಲ್ಲವಲ್ಲ ಎಂದು ಕಂಪ್ಯೂಟರು ನೋಡಿ ಹೇಳಿದರಂತೆ. ಅದರ ಪ್ರಕಾರ ತಂಗಿಯ ಮಗಳು ಕಟ್ಟಿದ್ದಾಳೆ, ಅದೂ ಹದಿನೆಂಟು ತುಂಬಿದ ದಿನದಿಂದ.

ಇಷ್ಟು ಹೇಳಿ, ಚೀಲದಿಂದ ಪಾಸ್‌ಬುಕ್ಕುಗಳನ್ನು ತೆಗೆದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ಕೆಲವಕ್ಕೆ ಶಾಲೆಯ ಪುಸ್ತಕಕ್ಕೆ ಹಾಕಿದ ಹಾಗೆ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿತ್ತು.

"ನಲವತ್ತು ವರ್ಷ ನಾನು ಕಟ್ಟಿದ್ದು. ಅದು ಎಲ್ಲಿಗೆ ಹೋಯಿತು ಅಂತ ಕೇಳ್ಲಿಕ್ಕೆ ಬಂದದ್ದು."

ಕಾರ್ಡಿನ ನಂಬರು ಹಾಕಿ ನೋಡಿದೆ. ತಂಗಿಯ ಮಗಳ ಹೆಸರು, ಅವಳ ಹುಟ್ಟಿದ ದಿನ, ನಾನು ಎಳೆದ ಸೂತ್ರ ಹಾಕಿದ ತಾರೀಕು. ಸಾಲು ಹಸಿರಾಗಿತ್ತು. ಅದರಲ್ಲಿ ಹುಡುಕಲು ಒಂದು ಕುಂದೂ ಇರಲಿಲ್ಲ. ಹಳೆಯ ಫೋಲ್ಡರು ತೆರೆದು ತಿರಸ್ಕೃತವಾದ ಹಾಳೆಯನ್ನು ಹೊರಗೆ ತೆಗೆದೆ. ಅದೇ ಕಾರ್ಡು, ಕೆಂಪು ಸಾಲು, ಸೇರಿದ ದಿನ ನಲವತ್ತು ವರ್ಷ ಹಿಂದಿನದ್ದು. ಅವರ ಮೊದಲ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿಯೂ ಅದೇ ತಾರೀಕಿತ್ತು. ಪರದೆಯನ್ನು ಅವರ ಕಡೆಗೆ ತಿರುಗಿಸಿ ತೋರಿಸಿದೆ. ಇಂಗ್ಲಿಷ್ ಓದಲು ಬರದಿದ್ದರೂ ತಾರೀಕಿನ ಅಂಕಿಗಳು ಅವರಿಗೆ ಗುರುತು ಸಿಕ್ಕಿದವು.

ಇದು ಕೆಂಪು ಯಾಕೆ ಎಂದು ಕೇಳಿದರು. ತಪ್ಪು ಇದೆ ಎಂದು ಕಂಪ್ಯೂಟರು ಹೇಳುತ್ತಿದೆ, ಈ ತಾರೀಕಿಗೆ ನಿಮ್ಮ ತಂಗಿಯ ಮಗಳು ಹುಟ್ಟಿಯೇ ಇರಲಿಲ್ಲ ಎಂದೆ.

"ಅವಳು ಹುಟ್ಟಿರಲಿಲ್ಲ, ಅದು ಸರಿಯೇ ಉಂಟಲ್ಲ" ಎಂದರು. "ನಾನು ಇದ್ದೆನಲ್ಲ. ಹಾಗಾದ್ರೆ ಈ ಕೆಂಪಿನಲ್ಲಿ ಇರುವುದು ನಾನು."

ಬೆರಳನ್ನು ಪರದೆಗೆ ತಾಗಿಸದೆ, ಸ್ವಲ್ಪ ದೂರದಲ್ಲಿ ಹಿಡಿದು ಆ ಸಾಲನ್ನು ತೋರಿಸುತ್ತಿದ್ದರು. ಬೆರಳ ತುದಿ ನುಣ್ಣಗಿತ್ತು.

ನನಗೆ ನಾಚಿಕೆಯಾಯಿತು. ಬೇರೆ ಮಾತು ಇಲ್ಲ ಅದಕ್ಕೆ. ಕಂಪನಿಯ ಎಲ್ಲ ದಾಖಲೆಯಲ್ಲಿ ಈ ಹೆಂಗಸು ಇದ್ದದ್ದಕ್ಕೆ ಉಳಿದ ಗುರುತು ಆ ಒಂದು ತಪ್ಪು ತಾರೀಕು ಮಾತ್ರ. ಯಾರಾದರೂ ತಾಳ್ಮೆಯಿಂದ ನೋಡಿದ್ದರೆ, ಇದೇನು ಹೀಗೆ ಎಂದು ಕೇಳುತ್ತಿದ್ದರು, ಕೇಳಿದ್ದರೆ ಇವರು ಸಿಗುತ್ತಿದ್ದರು. ನೋಡಬೇಕಾದವಳು ನಾನು, ಅದಕ್ಕೇ ನನಗೆ ಸಂಬಳ. ನಾನು ತಪ್ಪನ್ನು ಸರಿ ಮಾಡಿ, ಅವರನ್ನು ಅಳಿಸಿ, ಪಫ್ಸ್ ತಿಂದು ಮನೆಗೆ ಹೋಗಿದ್ದೆ.

ಅವರ ಮುಂದೆಯೇ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಪಾಪ ಎಂದರು. ಆದರೆ ಹಸಿರು ಸಾಲನ್ನು ತೆರೆದು ತಿದ್ದಲು ತಮಗೂ ಅಧಿಕಾರವಿಲ್ಲ ಎಂದರು. ಅದು ಸರಿಯಿದೆ ಎಂದು ಸಾಫ್ಟ್‌ವೇರು ಒಪ್ಪಿದ ಮೇಲೆ ಮುಗಿಯಿತು. ಕೆಂಪಾಗಿ ನಿಂತದ್ದನ್ನು ಮಾತ್ರ ವಿಚಾರಣೆಗೆ ತೆಗೆದುಕೊಳ್ಳುತ್ತಾರೆ, ಅದನ್ನು ತಿಂಗಳೊಳಗೆ ತೀರಿಸಲೇಬೇಕೆಂಬ ನಿಯಮ ಉಂಟು. ಇದರಲ್ಲಿ ಕೆಂಪೇ ಇಲ್ಲವಲ್ಲ ಮೇಡಂ ಎಂದು ಹೇಳಿ ಫೋನ್ ಇಟ್ಟರು.

ಕೆಂಪು ಬೇಕಾದರೆ ಮಾಡಲು ನನಗೆ ಬರುತ್ತಿತ್ತು. ಹಳೆಯ ತಾರೀಕನ್ನು ಹಾಗೆಯೇ ಮತ್ತೆ ಇಂಪೋರ್ಟ್ ಮಾಡಿದರೆ ಸಾಫ್ಟ್‌ವೇರು ಅದನ್ನು ಖಂಡಿತ ಉಗುಳುತ್ತದೆ. ಹದಿನೆಂಟು ವರ್ಷ ತಪ್ಪು ತೆಗೆದವಳಿಗೆ ತಪ್ಪು ಹಾಕುವುದು ಎಷ್ಟರ ಕೆಲಸ? ಆದರೆ ಒಂದು ತೊಡಕಿತ್ತು. ಸಾಲು ಕೆಂಪಾಗಿರುವಷ್ಟು ದಿನ ಆ ಕಾರ್ಡು ನಿಲ್ಲುತ್ತದೆ. ಎಲೆ ಸಿಗುವುದಿಲ್ಲ, ಪುಡಿ ಸಿಗುವುದಿಲ್ಲ, ಕಟ್ಟಿದ್ದನ್ನು ತೆಗೆದುಕೊಳ್ಳುವುದಿಲ್ಲ. ವಿಚಾರಣೆಯಲ್ಲಿ ಇವರ ಮಾತನ್ನು ನಂಬದಿದ್ದರೆ ಕಾರ್ಡೇ ಹೋಗಬಹುದು. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಹೇಳುವಾಗ, ಬೇಡ ಎಂದರೆ ಒಳ್ಳೆಯದಿತ್ತು ಎಂದು ಒಳಗೊಳಗೆ ಅನಿಸುತ್ತಿತ್ತು. ನಾನು ಅಂಥ ಧೈರ್ಯದವಳಲ್ಲ.

ಅವರು ನನ್ನ ಫೋನ್ ಕೇಳಿ ತಂಗಿಯ ಮಗಳಿಗೆ ಮಾಡಿದರು. ಅಂಗಡಿಯಲ್ಲಿ ಜನ ಇದ್ದರೇನೋ, ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಫೋನನ್ನು ಸೆರಗಿನಿಂದ ಒರೆಸಿ ವಾಪಸ್ ಕೊಟ್ಟರು.

"ದೊಡ್ಡಮ್ಮನದ್ದು ದೊಡ್ಡಮ್ಮನಿಗೆ ಬರಲಿ ಅಂತ ಹೇಳ್ತಾಳೆ. ನೀವು ಆ ತಪ್ಪನ್ನು ವಾಪಸ್ ಹಾಕಿ."

ಹಾಕಿದೆ. ಬೇಕೆಂದೇ ತಪ್ಪು ಹಾಕಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಸಾಲು ಕೆಂಪಾಯಿತು. ಅವರು ಅದನ್ನು ಒಮ್ಮೆ ನೋಡಿ, ಪಾಸ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿ, ಒಂದೂಕಾಲಿನ ಬಸ್ಸಿಗೆ ಹೊರಟರು. ಊಟ ಮಾಡಿಕೊಂಡು ಹೋಗಿ ಎಂದರೆ ಕೇಳಲಿಲ್ಲ.

ಆಮೇಲಿನ ಎರಡು ವಾರ ಅವರ ಮನೆಗೆ ಎಲೆ ನಿಂತಿತ್ತು. ತಂಗಿಯ ಮಗಳ ನಂಬರಿಗೆ ಒಂದೆರಡು ಸಲ ಫೋನ್ ಮಾಡಿದೆ. ದೊಡ್ಡಮ್ಮ ಏನೂ ಮಾಡುವುದಿಲ್ಲ, ಮೊರ ತೊಳೆದು ಗೋಡೆಗೆ ಒರಗಿಸಿದ್ದಾರೆ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾ ಕೂತಿರುತ್ತಾರೆ ಎಂದಳು. ಕಲ್ಲಿಲ್ಲದ ಅಕ್ಕಿ ಅದು ಎಂದೂ ಹೇಳಿದಳು. ನಮ್ಮ ಆಫೀಸಿನವರು, ನಿನಗೆ ಯಾಕೆ ಬೇಕಿತ್ತು ಮಾರಾಯ್ತಿ, ತುಂಬಿಸಿ ಕೊಟ್ಟಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು ರೇಗಿತು.

ಕೊನೆಗೆ ವಿಚಾರಣೆಗೆ ದಿನ ಗೊತ್ತಾಯಿತು. ಮ್ಯಾನೇಜರು ಸ್ವತಃ ಬೆಳುವಾಯಿಗೆ ಬಂದರು. ನಾನೂ ರಜೆ ಹಾಕಿ ಹೋದೆ. ಬ್ರಾಂಚು ಎಂದರೆ ರಸ್ತೆ ಬದಿಯ ಎರಡು ಕೋಣೆ, ಮುಂದೆ ಶೀಟು ಹಾಕಿದ ಜಗಲಿ. ಮಧ್ಯಾಹ್ನ ಬೀಡಿ ಒಪ್ಪಿಸುವ ಹೊತ್ತು, ಹೆಂಗಸರು ಚೀಲ ಹಿಡಿದು ನಿಂತಿದ್ದರು. ತಂಗಿಯ ಮಗಳೂ ಅರ್ಧ ದಿನ ರಜೆ ಮಾಡಿ ಬಂದಿದ್ದಳು. ಮೇಜಿನ ಹಿಂದೆ ಬೀಡಿ ನೋಡಿ ಒಪ್ಪಿಸಿಕೊಳ್ಳುವ ಚೆಕ್ಕರ್ ಕುಳಿತಿದ್ದರು. ತಲೆ ಪೂರ್ತಿ ನೆರೆತ ಮನುಷ್ಯ. ಸಡಿಲ ಕಟ್ಟಿದ್ದನ್ನೂ, ತುದಿ ಬಿಚ್ಚಿದ್ದನ್ನೂ ಅವರು ಬೆರಳಿನಿಂದಲೇ ಕಂಡುಹಿಡಿದು ಪಕ್ಕಕ್ಕೆ ಎಸೆಯುತ್ತಾರೆ. ಆ ಕಾರಣಕ್ಕೆ ಊರಿನ ಹೆಂಗಸರೆಲ್ಲ ಅವರಿಗೆ ಬೆನ್ನ ಹಿಂದೆ ಶಾಪ ಹಾಕುತ್ತಾರೆ. ನನ್ನ ಉಮ್ಮನ ಕಾಲದ ಚೆಕ್ಕರಿಗೆ ನಾನೂ ಶಾಪ ಹಾಕಿದವಳೇ.

ಮ್ಯಾನೇಜರು ಪಾಸ್‌ಬುಕ್ಕುಗಳನ್ನು ನೋಡಿದರು. ಹಳೆಯವುಗಳಲ್ಲಿ ಹಿರಿಯವರ ಹೆಸರಿದೆ, ಒಪ್ಪುತ್ತೇನೆ ಎಂದರು. ಹೆಸರು ಬದಲಾದ ಮೇಲಿನದ್ದನ್ನು ಹೇಗೆ ಒಪ್ಪುವುದು? ಆಮೇಲೆ ಕಟ್ಟಿದವರು ಇವರೇ ಎನ್ನುವುದಕ್ಕೆ ಕಾಗದ ಏನುಂಟು? ಕಾಗದ ಇರಲಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿಯೂ ಇರುವುದಿಲ್ಲ. ತಂಗಿಯ ಮಗಳು, ನಾನು ಭಾನುವಾರ ಮಾತ್ರ ಕಟ್ಟುವುದು ಎಂದಳು. ಮನೆಯವರ ಮಾತು ಸಾಕ್ಷಿಯಾಗುವುದಿಲ್ಲ ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು.

ಆಗ ಚೆಕ್ಕರ್ ತಲೆ ಎತ್ತದೆಯೇ, ಕೈಯಲ್ಲಿದ್ದ ಕಟ್ಟನ್ನು ಕೆಳಗಿಡದೆಯೇ ಮಾತಾಡಿದರು.

"ನನಗೆ ಗೊತ್ತುಂಟು. ದೊಡ್ಡವರ ಕೈ ಬೇರೆ, ಹುಡುಗಿಯ ಕೈ ಬೇರೆ."

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಬೀಡಿ ಕಟ್ಟದವರಿಗೆ ಅದು ಅರ್ಥವಾಗುವುದೂ ಕಷ್ಟ. ಸುತ್ತುವ ಬಿಗಿ, ತುದಿ ಮಡಚುವ ರೀತಿ, ನೂಲಿನ ಗಂಟು, ಒಬ್ಬೊಬ್ಬರದ್ದು ಒಂದೊಂದು ಥರ. ಉಮ್ಮನ ಬೀಡಿಯನ್ನು ನಾನು ಅವರ ನಾದಿನಿಯ ರಾಶಿಯಿಂದ ಹೆಕ್ಕಿ ತೆಗೆಯುತ್ತಿದ್ದೆ. ಹಿರಿಯವರ ಚೀಲದಲ್ಲಿ, ಎಲೆ ನಿಲ್ಲುವ ಮೊದಲು ಕಟ್ಟಿ ಉಳಿದ ಎರಡು ಕಟ್ಟುಗಳಿದ್ದವು, ಒಂದು ಅವರದ್ದು, ಇನ್ನೊಂದು ಹುಡುಗಿಯದ್ದು. ಮ್ಯಾನೇಜರು ಎರಡರ ನೂಲನ್ನೂ ಬಿಚ್ಚಿ, ಮೇಜಿನ ಮೇಲೆ ಸುರಿದು, ಅಂಗೈಯಿಂದ ಚೆನ್ನಾಗಿ ಕಲಸಿದರು. ಸ್ವಲ್ಪ ತಮಾಷೆಯಾಗಿಯೇ ಮಾಡಿದ್ದು.

ಚೆಕ್ಕರ್ ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಸವರಿ, ಎಡಕ್ಕೋ ಬಲಕ್ಕೋ ಇಡುತ್ತಾ ಹೋದರು. ಕಣ್ಣು ಹೆಚ್ಚು ಹೊತ್ತು ಅದರ ಮೇಲೆ ಇರಲಿಲ್ಲ. ಜಗಲಿಯಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ಹತ್ತಿರ ಬಂದರು. ಎಲ್ಲ ಮುಗಿದಾಗ ಎರಡು ಸಣ್ಣ ಗುಡ್ಡೆಗಳಾಗಿದ್ದವು. ಎಡಗಡೆಯದ್ದು ದೊಡ್ಡವರದ್ದು ಎಂದರು. ದೊಡ್ಡಮ್ಮನೂ ಹುಡುಗಿಯೂ ಬಗ್ಗಿ ತಮ್ಮ ತಮ್ಮ ಗುಡ್ಡೆಯನ್ನು ನೋಡಿ, ಹೌದು ಎಂದು ತಲೆಯಾಡಿಸಿದರು. ಒಂದನ್ನು ಮಾತ್ರ ಹುಡುಗಿ ಎತ್ತಿ ದೊಡ್ಡಮ್ಮನ ಕಡೆಗೆ ಹಾಕಿದಳು. ಅದು ನಾನು ಕಟ್ಟಿದ್ದಲ್ಲ ಎಂದಳು. ಚೆಕ್ಕರ್ ಅದನ್ನು ತೆಗೆದು ಮತ್ತೆ ಸವರಿ, ಹೌದು, ಇವರದ್ದೇ ಎಂದು ಒಪ್ಪಿಕೊಂಡರು.

ಇಷ್ಟು ವರ್ಷ ಈ ಕಾರ್ಡಿನಲ್ಲಿ ಬಂದ ಬೀಡಿ ಹೆಚ್ಚುಕಡಿಮೆ ಎಲ್ಲವೂ ಆ ಎಡಗಡೆಯ ಕೈಯದ್ದು ಎಂದು ಅವರು ಬರೆದುಕೊಟ್ಟು ಸಹಿ ಹಾಕಿದರು. ಮ್ಯಾನೇಜರು ನಗಲಿಲ್ಲ. ಕಾಗದವನ್ನು ಎರಡು ಸಲ ಓದಿ, ಮಡಚಿ ಫೈಲಿನಲ್ಲಿ ಇಟ್ಟರು. ದೊಡ್ಡಮ್ಮ ಚೆಕ್ಕರನ್ನು ನೋಡಿ, ನನ್ನ ಎಷ್ಟು ಬೀಡಿ ಎಸೆದಿದ್ದೀರಿ ನೀವು ಎಂದರು, ಅಷ್ಟೇ. ಅದು ಅವರ ಥ್ಯಾಂಕ್ಸ್.

ಇಪ್ಪತ್ತು ದಿನಗಳ ನಂತರ ಹೆಡ್ ಆಫೀಸಿನಿಂದ ಹಾಳೆ ಬಂತು. ಒಂದು ಸಾಲು ಇದ್ದಲ್ಲಿ ಎರಡು. ಮೊದಲನೆಯದ್ದು ಹಿರಿಯವರ ಹೆಸರಿನಲ್ಲಿ, ಅವರ ಹುಟ್ಟಿದ ದಿನ, ನಲವತ್ತು ವರ್ಷ ಹಿಂದಿನ ತಾರೀಕು. ಎರಡನೆಯದ್ದು ತಂಗಿಯ ಮಗಳದ್ದು, ಹೊಸ ಕಾರ್ಡು, ಹೊಸ ತಾರೀಕು. ಇಂಪೋರ್ಟ್ ಮಾಡಿದೆ, ಎರಡೂ ಹಸಿರಾದವು. ಫೋನ್ ಮಾಡಿ ತಿಳಿಸಿದಾಗ ದೊಡ್ಡಮ್ಮನಿಗೆ ಮಾತಾಡಲು ಪುರುಸೊತ್ತಿರಲಿಲ್ಲ, ಎಲೆ ಬಂದಿತ್ತು.

ಮ್ಯಾನೇಜರು ಮಾತ್ರ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು. ಇನ್ನು ಇಂಥದ್ದು ಇಲ್ಲವಲ್ಲ ಮೇಡಂ ಎಂದರು. ನೋಡುತ್ತೇನೆ ಎಂದೆ. ನೋಡುವುದೇನು ಬಂತು, ಫೋಲ್ಡರಿನಲ್ಲಿ ಅರವತ್ತಮೂರು ಇದ್ದವು. ಈ ಒಬ್ಬರು ಬಸ್ಸು ಹತ್ತಿ ನನ್ನ ಮೇಜಿನವರೆಗೆ ಬಂದರು. ಉಳಿದವರು ಗುಮಾಸ್ತರ ಮಾತು ಕೇಳಿ ಮನೆಗೆ ಹೋಗಿರಬಹುದು, ಅಥವಾ ಇನ್ನೂ ಕೇಳಲು ಹೋಗಿರಲಿಕ್ಕಿಲ್ಲ.

ಆ ವಾರ ಒಂದು ಸಂಜೆ ಉಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಎಪ್ಪತ್ತು ದಾಟಿದೆ, ಬೀಡಿ ಬಿಟ್ಟು ಬಹಳ ಕಾಲವಾಯಿತು. ನಾದಿನಿ ತನ್ನ ಕಾರ್ಡನ್ನು ಮುಚ್ಚಿಸಿದ ದಿನ ಉಮ್ಮನ ಲೆಕ್ಕವೂ ಅಲ್ಲಿಗೇ ಮುಚ್ಚಿತು. ಅದನ್ನು ಹಿಡಿದು ಅವರು ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಕಾಲು ನೀಡಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ಚೆಕ್ಕರ್ ಬೀಡಿ ಬೇರೆ ಮಾಡಿದ್ದನ್ನು ಎರಡನೇ ಸಲ ಹೇಳಿಸಿದರು. ಆಮೇಲೆ ನಮ್ಮ ಬ್ಯಾರಿ ಮಾತಿನಲ್ಲಿ ಕೇಳಿದರು.

"ನಿನ್ನ ಕಂಪ್ಯೂಟರಿನಲ್ಲಿ ನನ್ನ ಹೆಸರು ಎಲ್ಲಿಯಾದರೂ ಉಂಟಾ ಮಗಳೇ? ಕೆಂಪಿನಲ್ಲಾದರೂ?"

ಇಲ್ಲ ಎಂದೆ. ಉಮ್ಮ ಒಂದು ಸಾಲಿನಲ್ಲೂ ಇಲ್ಲ. ತಪ್ಪಾಗಿಯೂ ಇಲ್ಲ. ಅವರು ಸರಿ ಎಂದು ಹೇಳಿ ಮಗ್ರಿಬಿನ ನಮಾಜಿಗೆ ಎದ್ದರು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಈಗ ಶನಿವಾರದ ಮಧ್ಯಾಹ್ನಗಳು ನನ್ನದಲ್ಲ. ಕೇಳದೆ ಅರವತ್ತಮೂರು ಸಾಲನ್ನೂ ಒಟ್ಟಿಗೆ ಕೆಂಪು ಮಾಡಿದರೆ ಅಷ್ಟೂ ಮನೆಗಳಿಗೆ ಎಲೆ ನಿಲ್ಲುತ್ತದೆ. ಒಮ್ಮೆ ಕೇಳದೆ ಮಾಡಿದ್ದು ಸಾಕು. ಅದಕ್ಕೆ ಹಾಳೆ ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ಹೊರಡುತ್ತೇನೆ. ಬಂಟ್ವಾಳದ್ದು ಮೊದಲು, ಬೆಳ್ತಂಗಡಿಯದ್ದು ಆಮೇಲೆ, ಅಲ್ಲಿಯ ಮನೆಗಳು ಒಂದಕ್ಕೊಂದು ದೂರ. ಸೊಂಟ ಹಿಡಿದುಕೊಳ್ಳುತ್ತದೆ. ಇದಕ್ಕೆ ಯಾರೂ ನನಗೆ ಸಂಬಳ ಕೊಡುವುದಿಲ್ಲ, ಪೆಟ್ರೋಲೂ ಕೊಡುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇನೂ ಇಲ್ಲ, ಬೇಸರವೇ ಇದೆ.

ಮೊದಲ ಮನೆ ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ. ಜಗಲಿಯಲ್ಲಿ ಮೊರ ಇಟ್ಟುಕೊಂಡು ಒಬ್ಬ ಸೊಸೆ ಕುಳಿತಿದ್ದಳು. ಕಾರ್ಡಿನ ನಂಬರು ಹೇಳಿದೆ. ಅದು ನನ್ನದೇ ಎಂದಳು. ನಿನಗಿಂತ ಮೊದಲು ಇದರಲ್ಲಿ ಕಟ್ಟಿದವರು ಯಾರು ಎಂದು ಕೇಳಿದೆ. ಅವಳು ಒಳಗೆ ತಿರುಗಿ ಅತ್ತೆಯನ್ನು ಕರೆದಳು.

ಒಂದು ಮುದುಕಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಬ್ಯಾಗು, ಹಾಳೆ, ಕನ್ನಡಕ ಎಲ್ಲ ನೋಡಿ ಕಂಪನಿಯವಳೆಂದುಕೊಂಡರು. ಮುಖದಲ್ಲಿ ಹೆದರಿಕೆ ಕಂಡಿತು.

"ಬೀಡಿಯಲ್ಲಿ ಏನಾದರೂ ತಪ್ಪು ಬಂತಾ?" ಎಂದು ಕೇಳಿದರು.

"ಇಲ್ಲ ಅಮ್ಮ" ಎಂದೆ. "ನಿಮ್ಮ ಹೆಸರಿನದ್ದು ಒಂದು ತಪ್ಪು ಇತ್ತು, ಅದನ್ನು ನಾನು ಅಳಿಸಿಬಿಟ್ಟೆ. ವಾಪಸ್ ಹಾಕಬಹುದಾ ಅಂತ ಕೇಳ್ಲಿಕ್ಕೆ ಬಂದದ್ದು."

ಅವರಿಗೆ ಏನೂ ಅರ್ಥವಾಗಲಿಲ್ಲ. ಸೊಸೆ ಮೊರವನ್ನು ಪಕ್ಕಕ್ಕೆ ಸರಿಸಿ ನನಗೆ ಕುಳಿತುಕೊಳ್ಳಲು ಜಾಗ ಮಾಡಿದಳು.